ಹಿತ್ತಲಿನ ಕಾಬಾಳೆ ಗೆಡ್ಡೆ: ಎಳೆಯದು ತಟ್ಟೆಗೆ, ಬಲಿತದ್ದು ಹಿಟ್ಟಿಗೆ

ಮೊದಲ ಸಲ ಕಾಬಾಳೆ ಗೆಡ್ಡೆ ಬೇಯಿಸಿದಾಗ ನಮ್ಮ ಮನೆಯಲ್ಲಿ ಯಾರೂ ಎರಡನೇ ತುಂಡಿಗೆ ಕೈ ಹಾಕಲಿಲ್ಲ. ಎರಡು ವರ್ಷ ನೆಲದಲ್ಲೇ ಬಿಟ್ಟಿದ್ದ ಬುಡವನ್ನು ಅಗೆದು, ನಡುವೆ ದಪ್ಪಗೆ ಕೂತಿದ್ದ ಗೆಡ್ಡೆಯನ್ನೇ ಆರಿಸಿ, ಆಲೂಗೆಡ್ಡೆಗೆ ಕೊಡುವಷ್ಟೇ ಕೂಗು ಕೊಟ್ಟು ಕುಕ್ಕರ್ ಇಳಿಸಿದ್ದೆ. ಬಾಯಿಗಿಟ್ಟರೆ ಬರೀ ನಾರು. ಅವ್ವ ಒಂದು ತುಂಡನ್ನು ಬೆರಳಲ್ಲಿ ಮುರಿದು ನೋಡಿ, "ಇದು ಬಲಿತು ಹೋದದ್ದು ಮಗಾ. ಬದಿಯಲ್ಲಿ ಹೊಸದಾಗಿ ಒಡೆದದ್ದನ್ನು ಕೀಳಬೇಕಿತ್ತು" ಅಂದರು. ಮರುದಿನ ಅದೇ ಬುಡದ ಅಂಚಿನಿಂದ ಮುಷ್ಟಿ ಗಾತ್ರದ ನಾಲ್ಕು ಬಿಳಿ ಗೆಡ್ಡೆ ಮುರಿದು ತಂದರು. ಅದನ್ನು ಎರಡು ಪಟ್ಟು ಹೊತ್ತು ಬೇಯಿಸಿ, ಬೆಲ್ಲ-ತುಪ್ಪದ ಜೊತೆ ತಟ್ಟೆಗೆ ಹಾಕಿದಾಗ ಪಾತ್ರೆ ಖಾಲಿಯಾಯಿತು.

ಈ ಗೆಡ್ಡೆಯ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲೇ ಇದೆ. ಬೆಳೆಯುವುದು ಕಷ್ಟವೇ ಅಲ್ಲ. ಯಾವ ಗೆಡ್ಡೆಯನ್ನು ಯಾವ ವಯಸ್ಸಿನಲ್ಲಿ ಕೀಳಬೇಕು, ಕಿತ್ತದ್ದನ್ನು ಏನು ಮಾಡಬೇಕು ಅನ್ನುವುದು ತಿಳಿದರೆ ಸಾಕು. ಕೊಡಗಿನ ಮೂರ್ನಾಡು ಕಡೆಯ ನಮ್ಮ ಹಿತ್ತಲಲ್ಲಿ ಏಳೆಂಟು ವರ್ಷದಿಂದ ಕಲಿತದ್ದನ್ನು ನೆಡುವುದರಿಂದ ಹಿಡಿದು ಹೇಳುತ್ತೇನೆ.

ಮೊದಲು ಗಿಡ ಗುರುತಿಸಿ

ಕಾಬಾಳೆ ಅಂದರೆ ನಮಗೆ ಕಣ್ಣಿಗೆ ಬರುವುದು ಹೂವಿನ ಗಿಡ. ಶಾಲೆಯ ಅಂಗಳದಲ್ಲಿ, ಮಡಿಕೇರಿಯ ಮನೆಗಳ ಗೇಟಿನ ಪಕ್ಕ, ಅಂಗೈಯಷ್ಟು ಅಗಲದ ಹಳದಿ, ಕೆಂಪು, ಚುಕ್ಕೆಯ ಎಸಳು ಬಿಡುವ ಕ್ಯಾನಾ. ಅದು ಹೂವಿಗಾಗಿಯೇ ಮಾಡಿದ ಬೆರಕೆ ತಳಿ. ಅದರ ಗೆಡ್ಡೆ ಸಣ್ಣದು, ನಾರು ಹೆಚ್ಚು, ತಿನ್ನಲು ಶ್ರಮಪಡುವಷ್ಟು ಸತ್ವ ಅದರಲ್ಲಿಲ್ಲ. ಗೆಡ್ಡೆಗಾಗಿ ಬೆಳೆಯುವ ಕಾಬಾಳೆಯ ಹೂವು ಚಿಕ್ಕದು, ಎಸಳು ಕಿರಿದು, ಬಣ್ಣ ಕೆಂಪು ಅಥವಾ ಕಿತ್ತಳೆಗೆಂಪು. ಗಿಡ ಆಳೆತ್ತರ ದಾಟುತ್ತದೆ. ಎಲೆ ಬಾಳೆ ಎಲೆಯ ಹಾಗೆ ಅಗಲ, ಕೆಲವು ಬಗೆಗಳಲ್ಲಿ ಎಲೆಯ ಅಂಚೂ ಕಾಂಡವೂ ನೇರಳೆ. ಅಗೆದರೆ ಗುಂಡಗೆ ಗಂಟು ಗಂಟಾಗಿ ಒಂದಕ್ಕೊಂದು ಅಂಟಿಕೊಂಡ ಗೆಡ್ಡೆಗಳು, ಅವುಗಳ ಮೇಲೆ ಉಂಗುರದ ಹಾಗೆ ಸುತ್ತಿದ ಗುಲಾಬಿ-ನೇರಳೆ ಹೊರಪೊರೆ.

ಇದರ ಹೆಸರಿನಲ್ಲಿ 'ಇಂಡಿಕಾ' ಇದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಕ್ಯಾನಾ ಇಂಡಿಕಾ. ಆದರೆ ಗಿಡದ ತವರು ನಮ್ಮ ದೇಶವಲ್ಲ, ಅಮೆರಿಕ ಖಂಡದ ಬಿಸಿ ನಾಡುಗಳು. ಪೆರು ದೇಶದಲ್ಲಿ ಇದಕ್ಕೆ ಅಚಿರಾ ಅನ್ನುತ್ತಾರೆ, ಸಾವಿರಾರು ವರ್ಷಗಳಿಂದ ತಿನ್ನುತ್ತಾ ಬಂದಿದ್ದಾರೆ. ಅಲ್ಲಿನ ಕುಸ್ಕೊ ನಗರದಲ್ಲಿ ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತರ ಹಬ್ಬದ ಹೊತ್ತಿಗೆ ಬೇಯಿಸಿದ ಅಚಿರಾ ಮಾರಾಟಕ್ಕೆ ಬರುತ್ತದಂತೆ. ಅದನ್ನು ತಿಳಿದಾಗ ನನಗೆ ನೆನಪಾದದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ನಮ್ಮ ಸಂತೆಗಳಲ್ಲಿ ರಾಶಿ ಬೀಳುವ ಹುತ್ತರಿ ಗೆಣಸು. ಎಲ್ಲಿಯ ಆಂಡಿಸ್ ಬೆಟ್ಟ, ಎಲ್ಲಿಯ ನಮ್ಮ ಬೆಟ್ಟ! ಹಬ್ಬಕ್ಕೆ ನೆಲದೊಳಗಿನದ್ದನ್ನು ಅಗೆದು ಬೇಯಿಸಿ ಹಂಚಿ ತಿನ್ನುವುದು ಎರಡು ಕಡೆಯೂ ಇದೆ.

ಹೆಸರಿನ ಗೊಂದಲ ಇನ್ನೊಂದಿದೆ. ನಮ್ಮಲ್ಲಿ ಬಿಳಿ ಹಿಟ್ಟು ಕೊಡುವ ಗೆಡ್ಡೆಗೆಲ್ಲ ಕೂವೆ ಅಂದುಬಿಡುತ್ತಾರೆ. ನಿಜವಾದ ಕೂವೆ, ಅಂದರೆ ಆರಾರೂಟ್ ಗಿಡ, ಕಾಬಾಳೆಯಷ್ಟು ಎತ್ತರ ಬೆಳೆಯುವುದಿಲ್ಲ. ಹೂವು ಸಣ್ಣದು, ಬಿಳಿ. ಗೆಡ್ಡೆ ಬೆರಳಿನಂತೆ ಉದ್ದ, ತುದಿ ಚೂಪು. ಕಾಡಿನ ಅಂಚಲ್ಲಿ ಸಿಗುವ ಕಾಡರಿಶಿನದ ಜಾತಿಯ ಕೂವೆಯೂ ಉಂಟು, ಅದರ ಗೆಡ್ಡೆ ಮುರಿದರೆ ಅರಿಶಿನದಂಥ ವಾಸನೆ. ಕಾಬಾಳೆ ಗೆಡ್ಡೆಗೆ ಅಂಥ ವಾಸನೆ ಇರುವುದಿಲ್ಲ. ಎಲೆ ಬಾಳೆಯಂತಿದೆ ಅನ್ನುವ ಒಂದೇ ಕಾರಣಕ್ಕೆ ಕಾಡಿನಿಂದಲೋ ತೋಡಿನ ದಡದಿಂದಲೋ ಗೊತ್ತಿಲ್ಲದ ಗೆಡ್ಡೆ ಕಿತ್ತು ತರಬೇಡಿ. ಬಾಯಿ ತುರಿಸುವ, ಅದಕ್ಕಿಂತ ಕೆಟ್ಟದ್ದನ್ನೂ ಮಾಡುವ ಗೆಡ್ಡೆಗಳು ನಮ್ಮ ಕಾಡಲ್ಲಿ ಬೇಕಾದಷ್ಟಿವೆ. ತಿಂದು ಗೊತ್ತಿರುವವರ ಹಿತ್ತಲಿನಿಂದಲೇ ಬೀಜದ ಗೆಡ್ಡೆ ಕೇಳಿ ತನ್ನಿ. ಹೂ ಬಿಟ್ಟಾಗ ಹೋಗಿ ಗಿಡ ನೋಡಿ ಗುರುತು ಹಾಕಿಟ್ಟು, ಬೇಸಿಗೆಯಲ್ಲಿ ಗೆಡ್ಡೆ ತರುವುದು ಇನ್ನೂ ಒಳ್ಳೆಯದು.

ಬಚ್ಚಲ ನೀರಿನ ಕಾಬಾಳೆ ತಿನ್ನುವುದಕ್ಕಲ್ಲ

ಜಾಗ ಆರಿಸುವ ಮುಂಚೆ ಇದೊಂದನ್ನು ಒತ್ತಿ ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹರಿಯುವ ಕಡೆ ಕಾಬಾಳೆ ಸಾಲು ಇರುತ್ತದೆ. ಅದು ಬುದ್ಧಿವಂತಿಕೆಯ ಕೆಲಸವೇ. ಕೊಳಕು ನೀರನ್ನು ಹೀರಿ ಹಸನು ಮಾಡುವ ಗುಣ ಈ ಗಿಡಕ್ಕಿದೆ. ಕೊಳಚೆ ನೀರು ಶುದ್ಧಿಗೆಂದು ಕಟ್ಟುವ ಗಿಡಗಳ ಮಡಿಗಳಲ್ಲಿ ಹಲವು ದೇಶಗಳಲ್ಲಿ ಇದನ್ನೇ ನೆಡುತ್ತಾರೆ. ಆದರೆ ಆ ಗುಣದ ಇನ್ನೊಂದು ಮುಖ ಏನೆಂದರೆ, ನೀರಿನಲ್ಲಿ ಇರುವ ಭಾರ ಲೋಹಗಳಂಥವನ್ನೂ ಗಿಡ ತನ್ನೊಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಸೋಪು ನೀರು, ಗ್ಯಾರೇಜಿನ ನೀರು, ಕೊಳಚೆ ಗುಂಡಿಯ ಪಕ್ಕದ ಕಾಬಾಳೆ ಅದರ ಕೆಲಸ ಮಾಡಿಕೊಂಡಿರಲಿ. ತಿನ್ನಲು ಬೇರೆ ಕಡೆ ಬೇರೆ ಬುಡ ನೆಡಿ.

ಕಾಫಿ ತೋಟದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಕರಿಮೆಣಸಿಗೆ, ಕಾಫಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವಾಗ ಹನಿ ಬೀಳುವ ಜಾಗ, ಕಳೆನಾಶಕ ಹೊಡೆಯುವ ದಾರಿಯ ಅಂಚು ಇವೆರಡನ್ನೂ ಬಿಡಿ.

ಉಳಿದಂತೆ ಗಿಡ ತಗಾದೆ ಮಾಡುವುದಿಲ್ಲ. ದಿನಕ್ಕೆ ಐದಾರು ಗಂಟೆ ಬಿಸಿಲು ಸಿಕ್ಕರೆ ಗೆಡ್ಡೆ ಚೆನ್ನಾಗಿ ಕೂರುತ್ತದೆ. ಸಿಲ್ವರ್ ಓಕ್ ನೆರಳಲ್ಲಿ, ಕಾಫಿ ಗಿಡಗಳ ನಡುವೆ ನೆಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಗೆಡ್ಡೆ ಮಾತ್ರ ಸಣ್ಣದಾಗುತ್ತದೆ. ನಮ್ಮ ಹುಳಿ ಮಣ್ಣು ಅದಕ್ಕೆ ಅಡ್ಡಿಯಲ್ಲ, ಸುಣ್ಣ ಹಾಕುವ ಅಗತ್ಯ ನನಗೆ ಈವರೆಗೆ ಬಂದಿಲ್ಲ. ಕಣದ ಅಂಚು, ಹಿತ್ತಲಿನ ಬೇಲಿಯ ಒಳಬದಿ, ತೆಂಗಿನ ಸಾಲಿನ ಪೂರ್ವದ ಬದಿ, ಇಂಥ ಕಡೆ ಸರಿ. ಮನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಯಾಕೆಂದು ಮುಂದೆ ಹೇಳುತ್ತೇನೆ.

ನೆಡುವ ಹೊತ್ತು ಮತ್ತು ಬಗೆ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಅದರ ಹಿಂದೆಯೇ ಬರುವ ಬ್ಯಾಕಿಂಗ್ ಮಳೆಯೂ ಆಗಿ ಮಣ್ಣು ಒಳಗೆಲ್ಲ ತಂಪಾದ ಮೇಲೆ, ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ನೆಡುತ್ತೇನೆ. ಜೂನಿನ ಮುಂಗಾರು ಶುರುವಾಗುವಷ್ಟರಲ್ಲಿ ಗೆಡ್ಡೆ ಬೇರು ಹಿಡಿದಿರಬೇಕು ಅನ್ನುವುದು ಲೆಕ್ಕ. ಜೂನ್ ಕೊನೆಯಲ್ಲಿ ನೆಟ್ಟ ಒಂದು ವರ್ಷ, ಬೇರು ಹಿಡಿಯುವ ಮುಂಚೆಯೇ ಮಳೆ ಕೂತು ಅರ್ಧಕ್ಕರ್ಧ ಗೆಡ್ಡೆ ಕೊಳೆತುಹೋಯಿತು. ಕುಶಾಲನಗರ ಕಡೆಯವರಿಗೆ ಈ ಭಯ ಕಡಿಮೆ. ಅಲ್ಲಿ ಮಳೆ ಕಡಿಮೆ ಇರುವುದರಿಂದ ಜೂನಿನಲ್ಲೂ ನೆಡಬಹುದು, ಆದರೆ ಬೇಸಿಗೆಯಲ್ಲಿ ನೀರು ಹಾಯಿಸಲೇಬೇಕು.

ಬೀಜದ ಗೆಡ್ಡೆಗೆ ಹಿಂದಿನ ವರ್ಷ ಬೆಳೆದ, ಗಟ್ಟಿಯಾದ, ಕಪ್ಪು ಕಲೆ ಇಲ್ಲದ ತುಂಡು ಬೇಕು. ಪ್ರತಿ ತುಂಡಿನಲ್ಲೂ ಎರಡು ಕಣ್ಣಾದರೂ ಇರಲಿ. ಕತ್ತಿಯಿಂದ ತುಂಡು ಮಾಡಿದ ದಿನವೇ ನೆಡಬೇಡಿ. ಕತ್ತರಿಸಿದ ಮುಖಕ್ಕೆ ಒಲೆಯ ಬೂದಿ ಉಜ್ಜಿ, ನೆರಳಲ್ಲಿ ಎರಡು ದಿನ ಹರವಿಡಿ. ಗಾಯ ಒಣಗಿ ಚರ್ಮ ಕಟ್ಟುತ್ತದೆ, ಒದ್ದೆ ಮಣ್ಣಿನಲ್ಲಿ ಕೊಳೆಯುವುದು ಕಡಿಮೆಯಾಗುತ್ತದೆ. ಇನ್ನು ಕಪ್ಪು ಗುಂಡಿನಂಥ ಬೀಜ ಸಿಕ್ಕಿದರೆ ಅದರಿಂದ ಗಿಡ ಮಾಡುವ ಆಸೆ ಬೇಡ. ಅದರ ಚಿಪ್ಪು ಎಷ್ಟು ಗಟ್ಟಿಯೆಂದರೆ ಉಜ್ಜಿ ತೆಳುಮಾಡದೆ ನೀರೇ ಒಳಗೆ ಹೋಗುವುದಿಲ್ಲ. ಗೆಡ್ಡೆಯಿಂದ ನೆಟ್ಟರೆ ತಾಯಿಯ ಗುಣವೇ ಬರುತ್ತದೆ, ಬೇಗ ಬರುತ್ತದೆ.

ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ತೆಗೆದ ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಬೊಗಸೆ ಬೂದಿ ಬೆರೆಸಿ ವಾಪಸ್ ತುಂಬಿ. ಕಾಫಿ ಸಿಪ್ಪೆ ಇದ್ದರೆ ಅದೂ ಆದೀತು, ಆದರೆ ಚೆನ್ನಾಗಿ ಕೊಳೆತು ಕಪ್ಪಾಗಿ ತಣ್ಣಗಾಗಿರಬೇಕು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಹಸಿ ಸಿಪ್ಪೆ ಬಿಸಿ ಹೊರಡಿಸಿ ಮೊಳಕೆ ಸುಡುತ್ತದೆ. ತುಂಬಿದ ಮಣ್ಣು ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರ ದಿಬ್ಬವಾಗಿರಲಿ. ಮಡಿಕೇರಿ, ಭಾಗಮಂಡಲ ಕಡೆಯ ಮಳೆಗೆ ಈ ದಿಬ್ಬವೇ ರಕ್ಷೆ. ಕಾಬಾಳೆ ಒದ್ದೆ ನೆಲದಲ್ಲೂ ಬದುಕುವ ಗಿಡ, ಅದು ನಿಜ. ಆದರೆ ನೀರು ನಿಂತ ಕಡೆ ಬೆಳೆದ ಗೆಡ್ಡೆ ಸಪ್ಪೆ, ಬೇಗ ಕೊಳೆಯುತ್ತದೆ.

ಕಣ್ಣು ಮೇಲೆ ಬರುವಂತೆ ಗೆಡ್ಡೆ ಇಟ್ಟು ನಾಲ್ಕೈದು ಬೆರಳು ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಎರಡೂವರೆಯಿಂದ ಮೂರು ಅಡಿ. ಹತ್ತಿರ ನೆಟ್ಟರೆ ಹೆಚ್ಚು ಬರುತ್ತದೆ ಅನ್ನಿಸುತ್ತದೆ, ಆದರೆ ಬುಡಗಳು ಒಂದಕ್ಕೊಂದು ಸಿಕ್ಕಿಕೊಂಡು ಅಗೆಯುವಾಗ ಗುದ್ದಲಿ ಎಲ್ಲಿ ಹಾಕಿದರೂ ಗೆಡ್ಡೆ ಸೀಳುತ್ತದೆ. ಮೇಲೆ ತರಗೆಲೆ ದಪ್ಪಗೆ ಹೊದಿಸಿ. ಎರಡರಿಂದ ನಾಲ್ಕು ವಾರದಲ್ಲಿ ಸುರುಳಿ ಸುತ್ತಿದ ಮೊಳಕೆ ಕಾಣುತ್ತದೆ. ನಾಲ್ಕೈದು ಜನರ ಮನೆಗೆ ಆರು ಬುಡ ಧಾರಾಳ.

ಕುಂಡದಲ್ಲಿ ಬೆಳೆಯಬಹುದೇ ಎಂದು ಪೇಟೆಯವರು ಕೇಳುತ್ತಾರೆ. 50 ಕಿಲೋ ಹಿಡಿಯುವ ಗೊಬ್ಬರದ ಚೀಲಕ್ಕೆ ತಳದಲ್ಲಿ ತೂತು ಮಾಡಿ ಒಂದು ಬುಡ ಬೆಳೆಯಬಹುದು. ಆದರೆ ಅದು ಎರಡು ಸಲದ ಪಲ್ಯಕ್ಕೆ, ಅಷ್ಟೇ.

ಮಳೆಗಾಲದ ಆರೈಕೆ

ಜುಲೈಯಲ್ಲಿ, ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಈ ಗಿಡಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಗಾಳಿಗೆ ಎಲೆ ಹರಿದು ಜೂಲಾಗುತ್ತದೆ, ಅದರಿಂದ ನಷ್ಟವಿಲ್ಲ. ಮಳೆ ಬಿಡುವು ಕೊಟ್ಟ ದಿನ ಬುಡದ ಮಣ್ಣು ಕೊಚ್ಚಿ ಹೋಗಿದೆಯೇ ನೋಡಿ. ಗೆಡ್ಡೆ ಹೊರಗೆ ಕಂಡರೆ ಮಣ್ಣು ಏರಿಸಿ, ಯಾಕೆಂದರೆ ಬೆಳಕು ಬಿದ್ದ ಗೆಡ್ಡೆ ಹಸಿರಾಗಿ ಗಡಸಾಗುತ್ತದೆ. ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿಮುಖವಾದಾಗ, ಸೆಪ್ಟೆಂಬರಿನಲ್ಲಿ, ಇನ್ನೊಂದು ಬುಟ್ಟಿ ಗೊಬ್ಬರ ಮತ್ತು ಬೂದಿ ಕೊಟ್ಟು ಮಣ್ಣು ಏರಿಸುತ್ತೇನೆ. ಗೆಡ್ಡೆ ತುಂಬಿಕೊಳ್ಳುವುದು ಇಲ್ಲಿಂದ ಮುಂದೆ. ನನ್ನ ಅನುಭವದಲ್ಲಿ ಈ ಎರಡನೇ ಗೊಬ್ಬರ ತಪ್ಪಿದ ವರ್ಷ ಗೆಡ್ಡೆ ಕೋಳಿಮೊಟ್ಟೆ ಗಾತ್ರ ದಾಟಲಿಲ್ಲ.

ಹೂ ದಂಡು ಬಂದಾಗ ಹೆಚ್ಚಿನದನ್ನು ಚಿವುಟುತ್ತೇನೆ, ಗಿಡದ ಬಲ ಗೆಡ್ಡೆಗೆ ಇಳಿಯಲಿ ಎಂದು. ಎರಡು ಮೂರನ್ನು ಬಿಡುತ್ತೇನೆ. ಬೆಳಗ್ಗೆ ಆ ಕೆಂಪು ಹೂವಿಗೆ ಬರುವ ಸೂರಕ್ಕಿಗಳನ್ನು ನೋಡದೆ ನಮ್ಮ ಮನೆಯಲ್ಲಿ ಕಾಫಿ ಇಳಿಯುವುದಿಲ್ಲ.

ರೋಗ ಹೆಚ್ಚಿಲ್ಲ. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿಯಂಥ ಚುಕ್ಕೆ ಬಂದರೆ ತುಕ್ಕು ರೋಗ. ಆ ಎಲೆ ಕೊಯ್ದು ಸುಟ್ಟುಬಿಡಿ, ಗಿಡಗಳ ನಡುವೆ ಗಾಳಿಯಾಡುವಂತೆ ಹಳೆಯ ಕಾಂಡ ಸವರಿ. ಎಲೆಯ ನರದ ಗುಂಟ ಹಳದಿ ಗೆರೆ ಗೆರೆಯಾಗಿ, ಹೊಸ ಎಲೆಯೂ ಹಾಗೇ ಬರುತ್ತಿದ್ದರೆ ಅದು ವೈರಸ್. ಅದಕ್ಕೆ ಮದ್ದಿಲ್ಲ, ಗೆಡ್ಡೆಯ ಮೂಲಕವೇ ಮುಂದಿನ ಬೆಳೆಗೂ ದಾಟುತ್ತದೆ. ಅಂಥ ಬುಡದಿಂದ ಬೀಜದ ಗೆಡ್ಡೆ ತೆಗೆಯಬೇಡಿ, ಯಾರಿಗೂ ಕೊಡಬೇಡಿ. ಎಲೆಯನ್ನು ಸುತ್ತಿಕೊಂಡು ಒಳಗೆ ಕೂರುವ ಹುಳುವನ್ನು ಕೈಯಿಂದ ಬಿಡಿಸಿ ತೆಗೆದರಾಯಿತು. ಶನಿವಾರಸಂತೆ ಕಡೆ ಕಾಟ ಕೊಟ್ಟ ದೊಡ್ಡ ಆಫ್ರಿಕನ್ ಬಸವನಹುಳು ನಿಮ್ಮಲ್ಲಿದ್ದರೆ ಎಳೆ ಮೊಳಕೆಯನ್ನು ರಾತ್ರೋರಾತ್ರಿ ಮುಗಿಸುತ್ತದೆ. ಸಂಜೆ ಒದ್ದೆ ಗೋಣಿ ಹಾಸಿಟ್ಟರೆ ಬೆಳಗ್ಗೆ ಅದರಡಿ ಸೇರಿರುತ್ತವೆ, ಕೈಗೆ ಕವಚ ಹಾಕಿ ಆರಿಸಿ ಉಪ್ಪು ನೀರಿಗೆ ಹಾಕಿ.

ನಿಜವಾದ ಪೈಪೋಟಿ ಇರುವುದು ಕಾಡುಹಂದಿ, ಮುಳ್ಳುಹಂದಿಗಳ ಜೊತೆ. ನವೆಂಬರ್ ಹೊತ್ತಿಗೆ ಗೆಡ್ಡೆ ಸಿಹಿಯಾಗುತ್ತದೆ ಅನ್ನುವುದು ನಮಗಿಂತ ಮೊದಲು ಅವಕ್ಕೆ ಗೊತ್ತಾಗುತ್ತದೆ. ಒಂದೇ ರಾತ್ರಿ ತೋಟದ ಕೆಳಗಿನ ಒಂಬತ್ತು ಬುಡ ಕಳೆದುಕೊಂಡ ಮೇಲೆ ನಾನು ಅಡಿಗೆಮನೆಯ ಕಿಟಕಿಯಿಂದ ಕಾಣುವಲ್ಲಿ, ನಾಯಿ ಮಲಗುವ ಜಗಲಿಯ ಪಕ್ಕ ಮಾತ್ರ ನೆಡುತ್ತೇನೆ. ಮನೆಗೆ ಹತ್ತಿರ ಅಂದದ್ದು ಇದಕ್ಕೇ. ಆನೆ ದಾಟುವ ದಾರಿಯಲ್ಲಂತೂ ಬೇಡವೇ ಬೇಡ.

ಯಾವಾಗ, ಯಾವುದನ್ನು ಕೀಳುವುದು

ನೆಟ್ಟ ಆರು ತಿಂಗಳಿಗೆ ತಿನ್ನುವ ಗೆಡ್ಡೆ ಸಿಗಲು ಶುರು. ನಮ್ಮ ಲೆಕ್ಕದಲ್ಲಿ ಅದು ಹುತ್ತರಿಯ ಹೊತ್ತು. ಎಂಟರಿಂದ ಹನ್ನೆರಡು ತಿಂಗಳಿಗೆ ಗೆಡ್ಡೆ ಪೂರ್ತಿ ಬಲಿತು ಹಿಟ್ಟು ತುಂಬಿಕೊಂಡಿರುತ್ತದೆ. ಅದು ಜನವರಿಯಿಂದ ಏಪ್ರಿಲ್. ಇದರ ದೊಡ್ಡ ಅನುಕೂಲ ಎಂದರೆ ಅವಸರವಿಲ್ಲ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮರೆತರೂ ಅದು ನೆಲದಲ್ಲೇ ಇರುತ್ತದೆ. ಬೇಕಾದಾಗ ಬೇಕಾದಷ್ಟು ಅಗೆದುಕೊಳ್ಳಬಹುದು. ಕಿತ್ತ ಮೇಲೆ ಮಾತ್ರ ವಾರ ಹತ್ತು ದಿನದೊಳಗೆ ಅಡಿಗೆ ಮಾಡುವುದು ಒಳ್ಳೆಯದು.

ಅಗೆಯುವಾಗ ಗುದ್ದಲಿಯನ್ನು ಬುಡದಿಂದ ಒಂದೂವರೆ ಅಡಿ ದೂರ ಹಾಕಿ ಮಣ್ಣು ಸಡಿಲಿಸಿ, ಆಮೇಲೆ ಕೈಯಿಂದ ಬಿಡಿಸಿ. ಬುಡವನ್ನು ಮೇಲಿಂದ ನೋಡಿದರೆ ಒಂದು ಕುಟುಂಬದ ಹಾಗೆ ಕಾಣುತ್ತದೆ. ನಡುವೆ ನೆಟ್ಟ ಹಳೆಯ ಗೆಡ್ಡೆ, ಕಂದು ಬಣ್ಣ, ಮೇಲೆ ಒಣ ಬೇರು. ಅದರ ಸುತ್ತ ಬಲಿತ ಎರಡನೇ ಸುತ್ತು. ತೀರ ಹೊರಗೆ ಹೊಸದಾಗಿ ಒಡೆದ, ಇನ್ನೂ ಎಲೆ ಬಿಡದ ಅಥವಾ ಒಂದೆರಡು ಎಲೆ ಬಿಟ್ಟ ಗೆಡ್ಡೆಗಳು: ಬಿಳಿ ಮೈ, ಗುಲಾಬಿ ಪೊರೆ, ಉಗುರು ಒತ್ತಿದರೆ ಸುಲಭವಾಗಿ ಇಳಿಯುತ್ತದೆ, ಮುರಿದರೆ ಸೌತೆಕಾಯಿಯಂತೆ ಟಕ್ಕೆಂದು ಮುರಿಯುತ್ತದೆ. ಬೇಯಿಸಿ ತಿನ್ನಲು ಈ ಹೊರ ಸುತ್ತು ಮಾತ್ರ. ಎರಡನೇ ಸುತ್ತು ಹಿಟ್ಟಿಗೆ. ನಡುವಿನದ್ದು ಹಂದಿಗೋ ದನಕ್ಕೋ ಕೊಚ್ಚಿ ಬೇಯಿಸಿ ಹಾಕಲು. ಎಲೆ, ಕಾಂಡವನ್ನೂ ದನ ಇಷ್ಟಪಟ್ಟು ತಿನ್ನುತ್ತದೆ. ನಮ್ಮ ಮಣ್ಣಿನಲ್ಲಿ ಒಂದು ಬುಡಕ್ಕೆ ಎಲ್ಲ ಸೇರಿ ಮೂರು ನಾಲ್ಕು ಕಿಲೋ ಸಿಗುತ್ತದೆ, ಅದರಲ್ಲಿ ಎಳೆಯದು ಒಂದು ಕಿಲೋ ಆದರೆ ಹೆಚ್ಚು.

ಬೇಯಿಸುವುದು

ಕೆಸ, ಸುವರ್ಣಗೆಡ್ಡೆಯ ಹಾಗೆ ಕೈ ತುರಿಸುವುದಿಲ್ಲ, ಹುಣಸೆ ನೀರಿನ ಉಪಚಾರ ಬೇಡ. ಬೇಕಾಗಿರುವುದು ಹೊತ್ತು. ಪೊರೆ ಸುಲಿದು, ಬೇರು ಕೆರೆದು, ತೊಳೆದು, ಸಿಪ್ಪೆ ಸಮೇತ ಇಡಿಯಾಗಿ ಕುಕ್ಕರಿಗೆ ಹಾಕಿ ಮುಳುಗುವಷ್ಟು ನೀರು, ಸ್ವಲ್ಪ ಉಪ್ಪು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ. ಪಾತ್ರೆಯಲ್ಲಾದರೆ ಒಂದೂವರೆ ಗಂಟೆಗೆ ಕಡಿಮೆ ಬೇಡ. ಬೆಂದ ಗುರುತು ಕಣ್ಣಿಗೇ ಕಾಣುತ್ತದೆ: ಬಿಳಿಯಿದ್ದ ಒಳಮೈ ಮಂಜುಗಡ್ಡೆಯಂತೆ ಅರೆಪಾರದರ್ಶಕವಾಗುತ್ತದೆ. ನಡುವೆ ಇನ್ನೂ ಸುಣ್ಣದ ಬಿಳಿ ಉಳಿದಿದ್ದರೆ ಇನ್ನು ಹತ್ತು ನಿಮಿಷ. ಬಿಸಿ ಇರುವಾಗಲೇ ಸಿಪ್ಪೆ ಎಳೆದರೆ ಬಿಟ್ಟುಕೊಡುತ್ತದೆ.

ರುಚಿ ಹೇಗೆ ಅಂದರೆ, ಮೆಲುವಾದ ಸಿಹಿ, ಒಂಚೂರು ಲೋಳೆ, ಅಗಿದರೆ ಹಲ್ಲಿಗೆ ಅಂಟುವ ಗುಣ. ಗೆಣಸಿನ ಸಿಹಿಯನ್ನು ನಿರೀಕ್ಷಿಸಿ ಕೂತವರಿಗೆ ನಿರಾಸೆಯಾದೀತು. ಹುತ್ತರಿ ಗೆಣಸಿನ ಹಾಗೆ ತುಪ್ಪ, ಬೆಲ್ಲ ಅಥವಾ ಜೇನಿನ ಜೊತೆ ಬಿಸಿಬಿಸಿ ತಿನ್ನುವುದು ಮಕ್ಕಳಿಗೆ ಇಷ್ಟ. ನನಗೆ ಇಷ್ಟವಾದದ್ದು ಖಾರದ ದಾರಿ: ಸೂಜಿಮೆಣಸು, ಉಪ್ಪು, ಬೆಳ್ಳುಳ್ಳಿ ಜಜ್ಜಿ, ಅದಕ್ಕೆ ಎರಡು ಹನಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಬೆರೆಸಿ, ಗೆಡ್ಡೆಯ ಬಿಲ್ಲೆಗಳನ್ನು ಅದ್ದಿಕೊಂಡು ತಿನ್ನುವುದು. ಲೋಳೆಯ ಮೆಲುವಿಗೆ ಆ ಹುಳಿ ಸರಿಯಾದ ಜೊತೆ.

ನೀರೊಲೆ ಇರುವ ಮನೆಯವರು ಸುಟ್ಟು ನೋಡಲೇಬೇಕು. ಗೆಡ್ಡೆಯನ್ನು ಬಾಳೆ ಎಲೆಯಲ್ಲಿ ಎರಡು ಸುತ್ತು ಸುತ್ತಿ, ರಾತ್ರಿ ಸ್ನಾನದ ನೀರು ಕಾದ ಮೇಲೆ ಕೆಂಡದ ಮೇಲಿನ ಬಿಸಿ ಬೂದಿಯಲ್ಲಿ ಹೂತುಬಿಡಿ. ಬೆಳಗ್ಗೆ ತೆಗೆದರೆ ಸಿಹಿ ಹೆಚ್ಚಿರುತ್ತದೆ, ಲೋಳೆ ಕಡಿಮೆಯಾಗಿರುತ್ತದೆ, ಹೊಗೆಯ ಕಂಪು ಹತ್ತಿರುತ್ತದೆ. ಕುಕ್ಕರಿನಲ್ಲಿ ಬರದ ರುಚಿ ಇದು.

ಪಲ್ಯಕ್ಕೆ ಬೆಂದದ್ದನ್ನು ಸಣ್ಣ ಚೌಕ ಮಾಡಿ, ತೆಂಗಿನೆಣ್ಣೆಗೆ ಸಾಸಿವೆ, ಕರಿಬೇವು, ಒಣಮೆಣಸು, ಈರುಳ್ಳಿ ಹಾಕಿ ಬಾಡಿಸಿ ಕೊನೆಗೆ ಸೇರಿಸಿ, ಕಾಯಿತುರಿ ಉದುರಿಸಿ. ಅಕ್ಕಿ ರೊಟ್ಟಿಗೆ ಚೆನ್ನ. ಮೊದಲೇ ಹಾಕಿ ಕಲಕಿದರೆ ಅಂಟಂಟಾಗುತ್ತದೆ. ಹಂದಿ ಸಾರಿಗೋ ಕೋಳಿ ಸಾರಿಗೋ ಬೆಂದ ತುಂಡನ್ನು ಇಳಿಸುವ ಹತ್ತು ನಿಮಿಷ ಮುಂಚೆ ಹಾಕಿದರೆ ಮಸಾಲೆ ಹೀರಿಕೊಂಡು, ಸಾರನ್ನೂ ಸ್ವಲ್ಪ ಗಟ್ಟಿ ಮಾಡುತ್ತದೆ.

ಎಲೆಯನ್ನು ಮರೆಯಬೇಡಿ. ಹಲಸು ಇಲ್ಲವೇ ಬಾಳೆಹಣ್ಣನ್ನು ಅಕ್ಕಿ ತರಿಗೆ ಕಲಸಿ ಕೂವಲೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಕೂವಲೆ ಪುಟ್ಟಿಗೆ ಎಲೆ ಸಿಗದ ದಿನ ನಾನು ಕಾಬಾಳೆ ಎಲೆ ಬಳಸಿದ್ದೇನೆ. ಕೂವಲೆಯ ಆ ಪರಿಮಳ ಬರುವುದಿಲ್ಲ, ಆದರೆ ಎಲೆ ಹರಿಯದೆ ಮಡಚಿಕೊಳ್ಳುತ್ತದೆ, ಪುಟ್ಟು ಅಂಟದೆ ಬಿಡುತ್ತದೆ.

ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ಹೊಟ್ಟೆಗೆ ಒಗ್ಗುತ್ತದೆಯೇ ನೋಡಿ. ಸಕ್ಕರೆ ಕಾಯಿಲೆ ಇರುವವರು ಇದನ್ನು ತರಕಾರಿ ಅಂದುಕೊಳ್ಳದೆ ಅನ್ನದ ಲೆಕ್ಕಕ್ಕೆ ಸೇರಿಸಿ. ಇದರಲ್ಲಿ ಇರುವುದು ಹೆಚ್ಚಾಗಿ ನೀರು ಮತ್ತು ಪಿಷ್ಟ. ಇದು ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಿಟ್ಟು ತೆಗೆಯುವುದು

ನನಗೆ ಈ ಗಿಡದ ಮೇಲೆ ಪ್ರೀತಿ ಹುಟ್ಟಿದ್ದು ಹಿಟ್ಟಿನಿಂದ. ಗೆಡ್ಡೆಯ ಪಿಷ್ಟಗಳಲ್ಲಿ ಕಾಬಾಳೆಯದ್ದು ಅತಿ ದೊಡ್ಡ ಕಣಗಳುಳ್ಳದ್ದು. ಬಿಸಿಲಿಗೆ ಹಿಡಿದರೆ ಪುಡಿ ಮಿಣಮಿಣ ಹೊಳೆಯುತ್ತದೆ. ಕಣ ದೊಡ್ಡದಾದ್ದರಿಂದ ನೀರಿನಲ್ಲಿ ಬೇಗ ತಳ ಸೇರುತ್ತದೆ. ಕೂವೆ ಹಿಟ್ಟು ತೆಗೆದು ಗೊತ್ತಿರುವವರಿಗೆ ಗಂಟೆಗಟ್ಟಲೆ ಕಾಯುವ ಅಭ್ಯಾಸವಿರುತ್ತದೆ. ಇಲ್ಲಿ ಅರ್ಧ ಮುಕ್ಕಾಲು ಗಂಟೆ ಸಾಕು.

ಜನವರಿ-ಫೆಬ್ರವರಿಯ ಒಣ ಬಿಸಿಲಿನ ದಿನ ಆರಿಸಿ. ಬೆಳಗ್ಗೆ ಕಿತ್ತ ಬಲಿತ ಗೆಡ್ಡೆಯನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆ ಹೆರೆದು, ತಕ್ಷಣ ನೀರಿಗೆ ಹಾಕಿ, ಗಾಳಿಗಿಟ್ಟರೆ ಕಂದಾಗುತ್ತದೆ. ತುರಿಮಣೆಯಲ್ಲಿ ತುರಿಯಿರಿ ಅಥವಾ ತುಂಡು ಮಾಡಿ ಧಾರಾಳ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಹಳೆಯ ಪಂಚೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ, ಅದರ ಮೇಲೆ ಈ ತುರಿ ಸುರಿದು, ನೀರು ಹಾಕುತ್ತಾ ಕೈಯಿಂದ ಹಿಸುಕಿ. ಹಾಲಿನಂಥ ನೀರು ಕೆಳಗಿಳಿಯುತ್ತದೆ. ಕೆಳಗಿಳಿಯುವ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಅರ್ಧ ಹಿಟ್ಟು ಚರಟದಲ್ಲೇ ಉಳಿಯುತ್ತದೆ. ಚರಟ ದನಕ್ಕೆ.

ಮುಕ್ಕಾಲು ಗಂಟೆ ಅಲುಗಿಸದೆ ಬಿಟ್ಟು, ಮೇಲಿನ ಕಂದು ನೀರು ನಿಧಾನವಾಗಿ ಬಸಿಯಿರಿ. ತಳದಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ, ಅದರ ಮೇಲೊಂದು ತೆಳು ಕಂದು ಪದರ. ಆ ಪದರವನ್ನು ಚಮಚದಲ್ಲಿ ಕೆರೆದು ತೆಗೆದು, ಹೊಸ ನೀರು ಹಾಕಿ ಕಲಕಿ, ಮತ್ತೆ ತಳ ಕೂರಿಸಿ. ಹೀಗೆ ಮೂರು ನಾಲ್ಕು ಸಲ. ಇಲ್ಲಿ ಸೋಮಾರಿತನ ಮಾಡಿದರೆ ಹಿಟ್ಟಿಗೆ ಮಣ್ಣಿನ ವಾಸನೆ ಉಳಿಯುತ್ತದೆ. ಕೊಳವೆಬಾವಿಯ ತುಕ್ಕು ನೀರಿದ್ದರೆ ಬೇಡ, ಬಾವಿಯ ತಿಳಿನೀರೇ ಬೇಕು. ಕಬ್ಬಿಣದ ಅಂಶ ಹಿಟ್ಟಿನ ಬಣ್ಣ ಕೆಡಿಸುತ್ತದೆ. ಕೊನೆಗೆ ಹಿಟ್ಟಿನ ಗಟ್ಟಿಯನ್ನು ತುಂಡು ತುಂಡಾಗಿ ತೆಗೆದು ಬಿಳಿ ಬಟ್ಟೆಯ ಮೇಲೆ ಪುಡಿಮಾಡಿ ಹರವಿ ಎರಡು ಮೂರು ದಿನ ಒಣಗಿಸಿ. ಕಾಫಿ ಹರಡಿದ ಕಣದ ಪಕ್ಕದಲ್ಲಿಟ್ಟರೆ ಮೇಲೊಂದು ತೆಳು ಬಟ್ಟೆ ಮುಚ್ಚಿ. ಬೆರಳಲ್ಲಿ ಉಜ್ಜಿದರೆ ಕಿರಕಿರ ಸದ್ದು ಬರುವಷ್ಟು ಒಣಗಿದ ಮೇಲೆ ಡಬ್ಬಕ್ಕೆ. ನಮ್ಮ ಮಳೆಗಾಲದ ತೇವ ತಾಗದಂತೆ ಮುಚ್ಚಳ ಬಿಗಿಯಾಗಿರಲಿ. ಐದು ಕಿಲೋ ಗೆಡ್ಡೆಗೆ ನನಗೆ ಅರ್ಧ ಕಿಲೋ, ಒಳ್ಳೆಯ ವರ್ಷ ಅದಕ್ಕಿಂತ ತುಸು ಹೆಚ್ಚು ಸಿಕ್ಕಿದೆ.

ಗಂಜಿಗೆ ಒಂದು ದೊಡ್ಡ ಚಮಚ ಹಿಟ್ಟನ್ನು ಮೊದಲು ತಣ್ಣೀರಿನಲ್ಲೇ ಕರಗಿಸಿ, ಆಮೇಲೆ ಒಂದು ಲೋಟ ನೀರಿನೊಂದಿಗೆ ಒಲೆಗಿಡಿ. ಬಿಸಿ ನೀರಿಗೆ ನೇರ ಸುರಿದರೆ ಗಂಟಾಗುತ್ತದೆ. ಬಿಳಿ ನೀರು ಒಮ್ಮೆಲೇ ತಿಳಿಯಾಗಿ ಹೊಳೆಯುವುದೇ ಬೆಂದ ಗುರುತು. ಒಂದು ಬಟ್ಟಲು ಹಿಟ್ಟಿಗೆ ನಾಲ್ಕು ಬಟ್ಟಲು ತೆಂಗಿನ ಹಾಲು, ಒಂದು ಬಟ್ಟಲು ಬೆಲ್ಲ, ಏಲಕ್ಕಿ ಹಾಕಿ ತಳ ಬಿಡುವವರೆಗೆ ತಿರುವಿ ತಟ್ಟೆಗೆ ಸುರಿದರೆ ತಣ್ಣಗಾದ ಮೇಲೆ ಕತ್ತರಿಸುವ ಹಾಗೆ ಗಟ್ಟಿಯಾಗುತ್ತದೆ.

ವಿಯೆಟ್ನಾಮಿನಲ್ಲಿ ಇದೇ ಹಿಟ್ಟಿನಿಂದ ಗಾಜಿನಂತೆ ಕಾಣುವ ಶಾವಿಗೆ ಮಾಡುತ್ತಾರೆ, ಕೊಲಂಬಿಯಾದ ಉಯಿಲಾ ಪ್ರಾಂತ್ಯದಲ್ಲಿ ಚೀಸ್ ಬೆರೆಸಿ ಬಿಸ್ಕತ್ತು ಸುಡುತ್ತಾರೆ. ಶಾವಿಗೆಯನ್ನು ನಾನು ನಮ್ಮ ನೂಪುಟ್ಟಿನ (ಅಕ್ಕಿ ಶಾವಿಗೆಯ) ಒತ್ತಿನಲ್ಲೇ ಮಾಡಿದೆ. ಬರೀ ಹಿಟ್ಟಿಗೆ ನೀರು ಹಾಕಿ ಕಲಸಿದರೆ ನಿಲ್ಲುವುದಿಲ್ಲ, ಗೋಧಿಯ ಹಾಗೆ ಹಿಡಿದಿಡುವ ಅಂಟು ಇದರಲ್ಲಿಲ್ಲ. ಹಿಟ್ಟಿನ ಹತ್ತನೇ ಒಂದು ಭಾಗವನ್ನು ಮೊದಲು ಗಂಜಿಯಾಗಿ ಕಾಯಿಸಿ, ಆ ಬಿಸಿ ಅಂಟಿನಲ್ಲಿ ಉಳಿದ ಹಿಟ್ಟನ್ನು ನಾದಿ, ಕುದಿಯುವ ನೀರಿಗೆ ನೇರ ಒತ್ತಿ, ಮೇಲೆ ತೇಲಿದ ಕೂಡಲೇ ತಣ್ಣೀರಿಗೆ ತೆಗೆದರೆ ಎಳೆ ನಿಲ್ಲುತ್ತದೆ. ಕೋಳಿ ಸಾರಿನ ಜೊತೆ ಅದನ್ನು ತಿಂದ ದಿನ ಅವ್ವ, "ನೂಪುಟ್ಟಿಗಿಂತ ಜಾರುತ್ತದೆ, ಆದರೆ ಮಾಡು ಇನ್ನೊಂದು ಸಲ" ಅಂದರು.

ಮುಂದಿನ ವರ್ಷಕ್ಕೆ ಉಳಿಸುವುದು

ಪೂರ್ತಿ ಬುಡ ಎಂದೂ ಕೀಳಬೇಡಿ. ಒಂದು ವರ್ಷ ಪೂರ್ವದ ಬದಿ ಅಗೆದರೆ, ಮುಂದಿನ ವರ್ಷ ಪಶ್ಚಿಮದ್ದು. ಅಗೆದ ಬದಿಗೆ ಗೊಬ್ಬರ ತುಂಬಿ ಮಣ್ಣು ಮುಚ್ಚಿ. ಮೂರು ವರ್ಷಕ್ಕೊಮ್ಮೆ ಮಾತ್ರ ಇಡೀ ಬುಡ ಎತ್ತಿ, ನಡುವಿನ ಹಳೆಯದನ್ನು ತೆಗೆದು ಹೊಸ ಜಾಗದಲ್ಲಿ ನೆಡಬೇಕು, ಇಲ್ಲದಿದ್ದರೆ ಗೆಡ್ಡೆ ವರ್ಷ ವರ್ಷಕ್ಕೂ ಕಿರಿದಾಗುತ್ತದೆ. ಬೀಜಕ್ಕೆ ತೆಗೆದಿಟ್ಟದ್ದನ್ನು ತೊಳೆಯದೆ, ನೆರಳಿನ ಮೂಲೆಯಲ್ಲಿ ಒಣ ಮರಳು ಮತ್ತು ತರಗೆಲೆಯ ನಡುವೆ ಏಪ್ರಿಲ್‌ವರೆಗೆ ಇಡಿ. ಬೇಡವಾದ ಗೆಡ್ಡೆಯನ್ನು ತೋಡಿಗೆ ಎಸೆಯಬೇಡಿ. ಒದ್ದೆ ದಡದಲ್ಲಿ ಒಂದು ತುಂಡು ಸಿಕ್ಕಿಕೊಂಡರೂ ಅಲ್ಲೇ ಹಬ್ಬುತ್ತದೆ, ಅಲ್ಲಿನ ನಮ್ಮ ಗಿಡಗಳ ಜಾಗ ಹಿಡಿಯುತ್ತದೆ. ಹೆಚ್ಚಾದದ್ದು ದನದ ಕೊಟ್ಟಿಗೆಗೆ ಹೋಗಲಿ, ಇಲ್ಲವೇ ಕೇಳಿದ ನೆಂಟರ ಚೀಲಕ್ಕೆ. ಕೊಡುವಾಗ ಎರಡು ಕಣ್ಣಿರುವ ತುಂಡೇ ಕೊಡಿ. ನಿಮ್ಮ ಹಿತ್ತಲಲ್ಲಿ ಈ ವರ್ಷ ಅಗೆದ ಬದಿಗೆ ಒಂದು ಗೂಟ ಹೊಡೆದಿಡಿ. ಮಳೆಗಾಲ ಕಳೆದ ಮೇಲೆ ಯಾವ ಬದಿ ಎಳೆಯದು, ಯಾವುದು ಬಲಿತದ್ದು ಎಂದು ಆ ಗೂಟ ನೋಡಿಯೇ ಗುದ್ದಲಿ ಹಾಕಬಹುದು.